ಅಲೆಯಳಿದ ಖಡ್ಗ

ಪಟ್ಟಾಭಿಷೇಕದ ಆ ಮುಂಜಾವಿನಲ್ಲಿ ಅಳಿವೆಪುರ ನಿಂತಲ್ಲಿ ನಿಲ್ಲಲಾರದಾಗಿತ್ತು. ನದಿ ಕಡಲನ್ನು ಕೂಡುವ ಆ ರಾಜಧಾನಿಯ ರೇವಿನಲ್ಲಿ ತಾಜಿಕರೆಂಬ ಅರಬ್ ವರ್ತಕರ ಹಡಗುಗಳು ಕಟ್ಟಿದ ಹಗ್ಗ ಜಗ್ಗುತ್ತಿದ್ದವು. ಮೆಣಸಿನ ಮೂಟೆ ಹೊತ್ತವರು ಬೆದರಿದ ಕುದುರೆಗಳ ನಡುವೆ ನುಸುಳುತ್ತಿದ್ದರು. ಅರಮನೆಯ ಕಹಳೆ ಮೊಳಗಿದಾಗಲೆಲ್ಲ ಪಾರಿವಾಳಗಳು ಎದ್ದು, ಸುತ್ತಿ, ಕೂತು, ಮತ್ತೆ ಏಳುತ್ತಿದ್ದವು.

ಆಸ್ಥಾನದ ಕಮ್ಮಾರ ರೇವೋಜನೂ ಅದೇ ಜಾತಿಯ ಹಕ್ಕಿ. ಹನ್ನೆರಡು ಊರು ಬಿಟ್ಟು ಬಂದವನು. ಎಲ್ಲಿಯೂ ಎರಡನೆಯ ಮಳೆಗಾಲ ಕಂಡವನಲ್ಲ. ಇಲ್ಲಿ ಮಾತ್ರ ಐದು ಕಳೆದಿದ್ದವು. ಮೊನ್ನೆಯಷ್ಟೇ ಸ್ವಂತ ಮನೆಗೆ ಮಣ್ಣಿನ ಗೋಡೆ ಎಬ್ಬಿಸಿದ್ದ.

"ಗೋಡೆ ಒಣಗೋ ತನಕವಾದರೂ ಇರ್ತೀರೋ?" ಎಂದು ಹೆಂಡತಿ ದೇಕಬ್ಬೆ ಬೆಳಿಗ್ಗೆ ಕೆಣಕಿದ್ದಳು.

"ಸಾಯೋ ತನಕ ಇಲ್ಲೇ, ಮಾರಾಯ್ತಿ."

ಅರಮನೆಯ ರಾಜಖಡ್ಗ ಈ ನಾಡಿನಲ್ಲಿ ಮಾಡಿದ್ದಲ್ಲ. ಉತ್ತರದ ಹಿಮಗಡಲಿನ ವೈಕಿಂಗರೆಂಬ ನಾವಿಕರದು ಅದು. ಅಗಲವಾದ ಅಲಗು, ಗಿಡ್ಡ ಹಿಡಿ, ಇಲ್ಲಿ ಯಾರೂ ಓದಲಾರದ ಅಕ್ಷರಗಳು. ಗತಿಸಿದ ಅರಸರು ತಾಜಿಕನೊಬ್ಬನಿಂದ ಕೊಂಡಿದ್ದರು. ಅದನ್ನು ಮೊದಲ ಸಲ ಕೈಗೆತ್ತಿಕೊಂಡಾಗ ರೇವೋಜ ಬೆರಗಾಗಿದ್ದ. ಅಲಗಿನ ಮೈಮೇಲೆ ನೀರಲೆಯಂಥ ಗೆರೆಗಳು. ಅವನ ತಂದೆ ಮಣ್ಣಿನ ಮೂಸೆಯಲ್ಲಿ ಕರಗಿಸುತ್ತಿದ್ದ ಉಕ್ಕಿನ ಗೆರೆಗಳೇ! ಈ ನೆಲದ ಉಕ್ಕು ಗಟ್ಟಿಗಳಾಗಿ ಹಡಗೇರಿ, ಹಿಮದ ನಾಡಿನಲ್ಲಿ ಖಡ್ಗವಾಗಿ, ಎಷ್ಟೋ ಕೈ ದಾಟಿ ಮರಳಿತ್ತು. 'ನನ್ನಂಥದೇ ಅಲೆಮಾರಿ, ಇದಕ್ಕೂ ಮನೆ ಸಿಕ್ಕಿತು' ಎಂದುಕೊಂಡಿದ್ದ.

ಪಟ್ಟವೇರುವವನು ರಾಜಖಡ್ಗದಿಂದ ಕಡವೆಯ ಕೊಂಬನ್ನು ಒಂದೇ ಏಟಿಗೆ ತುಂಡರಿಸಬೇಕೆಂಬುದು ಅಳಿವೆಪುರದ ಕಟ್ಟಳೆ. ಅವನ ಕೈಯಲ್ಲಿ ಖಡ್ಗ ಮುರಿದರೆ ಪಟ್ಟವಿಲ್ಲ. ಬೇರೆ ಯಾರು ಮುರಿದರೂ ಅಂದಿನ ಹೊತ್ತು ಮುಳುಗುವುದರೊಳಗೆ ನಾಡು ಬಿಡಬೇಕು, ಮರಳುವಂತಿಲ್ಲ.

ಸಭೆ ನೆರೆಯಿತು. ದಂಡನಾಯಕ ಕಲಿವಿಟ್ಟ ತನ್ನ ಮುದ್ರೆಯೊತ್ತಿ ಮೂರು ದಿನ ಕಾದಿರಿಸಿದ್ದ ಪೆಟ್ಟಿಗೆಯನ್ನು ತೆರೆಸಿದ. ಖಡ್ಗವನ್ನು ಒರೆಸಿ ಯುವರಾಜ ಸೋವಿದೇವನ ಕೈಗೊಪ್ಪಿಸುವ ಕೆಲಸ ರೇವೋಜನದು. ಬಟ್ಟೆಯಿಂದ ಒಂದೇ ಒಂದು ಸಲ ಒರೆಸಿದ, ಕೈ ನಿಂತಿತು. ಹಿಡಿಯ ಬಳಿ ಎರಡು ಗೇಣು ಬಿಟ್ಟರೆ ಅಲೆಗಳೇ ಇರಲಿಲ್ಲ. ಉಗುರಿನಿಂದ ಮೀಟಿದ. ಒಡೆದ ಮಡಕೆಯ ಸದ್ದು.

ಆ ಉಕ್ಕನ್ನು ಬೆಳ್ಳಗಾಗುವಷ್ಟು ಕಾಯಿಸಿದರೆ ಅಲೆ ಅಳಿದು ಪೆಡಸಾಗುತ್ತದೆ, ಸತ್ತಂತೆಯೇ. ಯಾರೋ ಕಾಯಿಸಿದ್ದರು.

ಪಕ್ಕದಲ್ಲಿದ್ದ ಕಲಿವಿಟ್ಟ ತುಟಿಯಲುಗಿಸದೆ ಹೇಳಿದ: "ಸುಮ್ಮನೆ ಕೊಡು, ಓಜ. ಇವನಿಗೆ ಪಟ್ಟ ತಪ್ಪಿ ನನ್ನ ಅಳಿಯ ಅರಸನಾದರೆ ನಿನ್ನ ಮನೆಗೆ ಹೆಂಚು ಹೊದಿಸುತ್ತೇನೆ. ಬಾಯಿಬಿಟ್ಟರೆ ಯಾರು ನಂಬುತ್ತಾರೆ, ಊರೂರು ತಿರುಗಿದವನನ್ನು?"

ಅದು ನಿಜವೇ. ಮಾತಿಗೆ ಸಾಕ್ಷಿಯಿರಲಿಲ್ಲ, ಸಾಕ್ಷಿಯಿದ್ದದ್ದು ಉಕ್ಕಿನ ಒಳಗೆ.

ಸೋವಿದೇವ ಕೈ ಚಾಚಿದ. ರೇವೋಜನಿಗೆ ಮನೆಯ ಹಸಿಗೋಡೆ ಕಣ್ಣಿಗೆ ಕಟ್ಟಿತು. ಮರುಕ್ಷಣ ಅವನು ಹಿಂದೆ ಸರಿದು, ಖಡ್ಗವನ್ನೆತ್ತಿ ಕಲ್ಲುಕಂಬಕ್ಕೆ ಅಪ್ಪಳಿಸಿದ.

ಅಲಗು ಎರಡಾಯಿತು.

"ದ್ರೋಹಿ!" ಕಲಿವಿಟ್ಟ ಕೂಗಿದ. "ಹಿಡಿಯಿರಿ ಅವನನ್ನು!"

"ಹಿಡಿಯಲಿ, ದಂಡನಾಯಕರೇ. ಓಡುವ ಕಾಲು ಎಂದೋ ಸೋತಿದೆ," ಎಂದ ರೇವೋಜ, ಅಲಗು ಮುರಿದ ಕಡೆಯನ್ನು ಯುವರಾಜನತ್ತ ತಿರುಗಿಸಿ. "ಪ್ರಭು, ಇಲ್ಲಿ ನೋಡಿ. ಒಳಗೆಲ್ಲ ದಪ್ಪ ಉಪ್ಪಿನ ಹರಳಿನ ಹಾಗೆ. ಒಲೆಗಿಟ್ಟು ಕಾಯಿಸಿದ್ದಾರೆ. ಒಲೆಯಿಂದ ಹೊರಗುಳಿದ ಈ ಎರಡು ಗೇಣಿನಲ್ಲಿ ಅಲೆ ಇನ್ನೂ ಇದೆ. ತಮ್ಮ ಕೈಯಲ್ಲಿ ಮುರಿಯಬೇಕಾಗಿದ್ದನ್ನು ನಾನು ಮುರಿದೆ."

ಸೋವಿದೇವ ಹರಳುಗಳನ್ನು ಬೆರಳಿನಿಂದ ತಡವಿ ನೋಡಿದ. "ಮೂರು ದಿನ ಪೆಟ್ಟಿಗೆಯ ಮೇಲೆ ಯಾರ ಮುದ್ರೆಯಿತ್ತು?" ಎಂದು ಮೆಲ್ಲಗೆ ಕೇಳಿದ. ಸಭೆಯೆಲ್ಲ ಕಲಿವಿಟ್ಟನತ್ತ ತಿರುಗಿತು. ಅವನ ಕೈ ಒರೆಯತ್ತ ಸರಿಯುವ ಮೊದಲೇ ಅಂಗರಕ್ಷಕರು ಅದನ್ನು ಹಿಡಿದರು.

ಯುವರಾಜ ಅಲೆಯುಳಿದ ಹಿಡಿಯ ತುಂಡನ್ನೆತ್ತಿ ಬೀಸಿದ. ಕಡವೆಯ ಕೊಂಬು ಒಂದೇ ಏಟಿಗೆ ಕೆಳಗುರುಳಿತು.

ಜಯಘೋಷ ಅಡಗಿದ ಮೇಲೆ ಹೊಸ ಅರಸನ ಕಣ್ಣು ಒದ್ದೆಯಾಗಿತ್ತು. "ಓಜರೇ, ನಾಡು ಬಿಡಿಸುವ ಆ ಕಟ್ಟಳೆಯನ್ನು ಇಂದೇ..."

"ಬೇಡ ಪ್ರಭು. ಪಟ್ಟವೇರಿದ ದಿನವೇ ಕಟ್ಟಳೆ ಮೀರಿದಿರಿ ಅಂದರೆ, ನಾಳೆ ಕಲಿವಿಟ್ಟರ ಕಡೆಯವರಿಗೆ ಅದೊಂದೇ ಸಾಕು. ತುದಿಯ ತುಂಡನ್ನು ನನಗೆ ಕೊಡಿಸಿ. ಮತ್ತೇನೂ ಬೇಡ."

ಇಳಿಹೊತ್ತಿನಲ್ಲಿ ಅವನು ರೇವಿಗೆ ಬರುವಷ್ಟರಲ್ಲಿ ದೇಕಬ್ಬೆ ಗಂಟು ಕಟ್ಟಿಕೊಂಡು ಹಡಗಿನ ಬಳಿ ಕೂತಿದ್ದಳು.

"ಗೋಡೆ ಒಣಗಲಿಲ್ಲ," ಎಂದ ರೇವೋಜ.

"ಗೊತ್ತು. ಹಡಗು ಹತ್ತಿ."

ಹನ್ನೆರಡು ಊರು ಬಿಡುವಾಗ ಒಮ್ಮೆಯೂ ಹಿಂದಿರುಗಿ ನೋಡದವನು, ಸತ್ತ ಉಕ್ಕಿನ ತುಂಡನ್ನು ಮಡಿಲಲ್ಲಿಟ್ಟುಕೊಂಡು, ಅಳಿವೆಪುರದ ಕೊನೆಯ ಉಪ್ಪರಿಗೆಯೂ ನೀರಿನಂಚಿಗಿಳಿಯುವ ತನಕ ಅತ್ತಲೇ ಮುಖ ಮಾಡಿ ಕೂತಿದ್ದ.