ಒಳಜೇಬಿನ ಸಕ್ಕರೆ

"ಅಯ್ಯೋ, ಅದನ್ನ ಕುಡೀಬೇಡಿ!"

ಕಾಜ-ಗುಂಡಿ ಹಾಕುವ ಹುಡುಗಿ ತುಟಿಗಿಟ್ಟಿದ್ದ ಹಣ್ಣಿನ ರಸದ ಬಾಟಲಿಯನ್ನು ಹೊಸ ಕಟಿಂಗ್ ಮಾಸ್ಟರ್ ಕಸಿದುಕೊಂಡೇಬಿಟ್ಟ! ಹೊಲಿಗೆ ಅಂಗಡಿಯಲ್ಲಿ ಅವನಿಗದು ಮೊದಲ ದಿನ. ಅವಳಿಗೆ ಶುಗರ್ ಇದೆಯೆಂದು ಆಗಷ್ಟೇ ಯಾರೋ ಅವನ ಕಿವಿಗೆ ಹಾಕಿದ್ದರು.

"ಕೊಡಿ..." ಎಂದಳು. ಕೈ ನಡುಗುತ್ತಿತ್ತು, ಹಣೆ ತುಂಬ ಬೆವರು. ಇನ್ಸುಲಿನ್ ಚುಚ್ಚಿಕೊಂಡಾಗಿತ್ತು, ಅಷ್ಟರಲ್ಲಿ ಗಿರಾಕಿಯೊಬ್ಬರು ಬಂದು ಊಟ ತಡವಾಗಿ ಶುಗರ್ ಪಾತಾಳಕ್ಕಿಳಿದಿತ್ತು.

"ಶುಗರ್ ಇರೋರು ಸಿಹಿ ಮುಟ್ಟಬಾರ್ದು ರೀ! ನಮ್ಮಪ್ಪಂಗೂ ಇದೆ, ನಂಗೊತ್ತು."

ಅಂಗಡಿಯೊಡತಿ ಅಕ್ಕ ಓಡಿಬಂದು ಬಾಟಲಿ ಕಿತ್ತು ಕುಡಿಸಿದ್ದಕ್ಕೆ ಅವಳು ಉಳಿದುಕೊಂಡಳು.

ಅವನು ನೂರು ಸಲ ತಪ್ಪಾಯ್ತು ಎಂದ. ಆ ಪೆಚ್ಚುಮೋರೆ ನೋಡಿ ಅವಳಿಗೆ ನಗು ಬಂತು. ಎರಡು ತಿಂಗಳಲ್ಲಿ ಅವನ ಹೆಜ್ಜೆ ಸಪ್ಪಳ ಕೇಳಿದರೇ ಅವಳ ಹೊಲಿಗೆ ತಪ್ಪತೊಡಗಿತು!

ಆದರೆ ಒಂದು ಮಧ್ಯಾಹ್ನ ಅವನು ಅಪ್ಪನ ಪಥ್ಯದ ಪಟ್ಟಿ ಹಿಡಿದು ಬಂದ.

"ದಿನಾ ಒಂದು ಗಂಟೆ ನಡೀರಿ, ತೂಕ ಇಳಿಸಿ. ಅಪ್ಪಂಗೆ ಮಾತ್ರೆನೇ ಕಡಿಮೆ ಮಾಡಿದ್ರು. ನಿಮಗೂ ಇಂಜೆಕ್ಷನ್ ನಿಂತುಹೋಗತ್ತೆ!"

ಗಾಳಿ ಬೀಸಿದರೆ ಹಾರಿಹೋಗುವಂತಿದ್ದಳು ಅವಳು. ತೂಕ ಎಲ್ಲಿಂದ ಇಳಿಸಬೇಕು?

ಆದರೂ ನಗಲಾಗಲಿಲ್ಲ. ಹಿಂದೆ ಅವಳನ್ನು ನೋಡಲು ಬಂದಿದ್ದ ಗಂಡಿನ ಕಡೆಯವರೂ ಹೀಗೇ ಅಂದಿದ್ದರು... 'ವಾಸಿಯಾಗಲಿ, ಆಮೇಲೆ ನೋಡೋಣ.' ಇವನಿಗೂ ವಾಸಿಯಾದ ಹುಡುಗಿಯೇ ಬೇಕೇ?

"ನಿಮ್ಮಪ್ಪಂದು ಟೈಪ್ ಎರಡು. ಅವರ ಮೈಯಲ್ಲಿ ಇನ್ಸುಲಿನ್ ಇದೆ, ಸರಿಯಾಗಿ ಕೆಲಸ ಮಾಡಲ್ಲ. ನಂದು ಟೈಪ್ ಒಂದು. ನನ್ನ ಮೈಯಲ್ಲಿ ಅದು ಹುಟ್ಟೋದೇ ಇಲ್ಲ! ಇಂಜೆಕ್ಷನ್ ಬಿಟ್ರೆ ಸಾಯ್ತೀನಿ. ಇದು ವಾಸಿಯಾಗಲ್ಲ, ತಿಳೀತಾ?"

ಪಟ್ಟಿಯನ್ನು ಹರಿದು ಚಿಂದಿಬುಟ್ಟಿಗೆ ಎಸೆದಳು. ಅಲ್ಲಿಗೆ ಮಾತು ಬಂದ್. ಮರುದಿನ ಅವನು ರಜೆ ಹಾಕಿದ. ಅದರ ಮರುದಿನವೂ ಬರಲಿಲ್ಲ. ಓಡಿಹೋದನೇನೋ ಎಂದುಕೊಂಡು ಒಳಗೊಳಗೇ ಅತ್ತಳು.

ಮೂರನೇ ದಿನ ಗುಂಡಿ ಹಾಕುತ್ತಿದ್ದವಳಿಗೆ ಮತ್ತೆ ಕಣ್ಣು ಮಂಜಾಯಿತು. ಬ್ಯಾಗಿಗೆ ಕೈ ಹಾಕುವ ಮೊದಲೇ ಯಾರೋ ಸಕ್ಕರೆ ನೀರಿನ ಲೋಟ ಹಿಡಿದರು. ಅವನೇ!

ಅವಳು ಕುಡಿದ ಮೇಲೆ ಪಕ್ಕದಲ್ಲಿ ಕೂತು ಗಡಿಯಾರ ನೋಡಿದ. ಸರಿಯಾಗಿ ಹದಿನೈದು ನಿಮಿಷ. "ಈಗ ಒಮ್ಮೆ ಶುಗರ್ ಚೆಕ್ ಮಾಡ್ಕೊಳ್ಳಿ."

"ಇದೆಲ್ಲ... ಯಾರು ಹೇಳ್ಕೊಟ್ರು?"

"ಅಪ್ಪನ ಡಾಕ್ಟ್ರು. ಅಪ್ಪನ ವಿಷಯ ಎರಡು ನಿಮಿಷ, ನಿಮ್ಮ ವಿಷಯ ಅರ್ಧ ಗಂಟೆ ಕೇಳಿದೆ. 'ಪೇಷಂಟ್ ಯಾರೋ, ನಾನೋ ಅವಳೋ' ಅಂತ ಅಪ್ಪ ಬೈದ್ರು."

ಅವಳಿಗೆ ನಗು, ಅಳು ಎರಡೂ ಒಟ್ಟಿಗೇ ಬಂದವು.

"ಅಳತೆ ತಗೊಳ್ದೆ ನಾನು ಕತ್ತರಿ ಮುಟ್ಟಲ್ಲ. ಅಂಥವನು ಅಪ್ಪನ ಅಳತೆಗೆ ನಿಮಗೆ ಹೊಲಿಯೋಕೆ ಹೋದೆ. ತಪ್ಪಾಯ್ತು."

"ಇದು ವಾಸಿಯಾಗಲ್ಲ ರೀ..."

"ಗೊತ್ತು. ವಾಸಿಯಾದವಳು ನನಗೆ ಬೇಕಿಲ್ಲ. ನೀವು ಬೇಕು."

ಅಂಗಿಯ ಒಳಗಡೆ ಹೊಸದಾಗಿ ಹೊಲಿದಿದ್ದ ಪುಟ್ಟ ಜೇಬು ತೋರಿಸಿದ. ಅದರಲ್ಲಿ ನಾಲ್ಕು ಸಕ್ಕರೆ ಪೊಟ್ಟಣಗಳಿದ್ದವು.

"ಇರೋ ಮೂರು ಅಂಗಿಗೂ ಹೊಲಿದಿದ್ದೀನಿ."

ಅವಳು ಕಣ್ಣೊರೆಸಿಕೊಂಡು ಆ ಹೊಲಿಗೆಯನ್ನು ಬೆರಳಿನಿಂದ ಸವರಿದಳು.

"ನಾಲ್ಕನೇದಕ್ಕೆ ನಾನು ಹೊಲೀತೀನಿ."

"ನಾಲ್ಕನೇದು ಎಲ್ಲಿದೆ?"

"ಮದುವೆಗೆ ಅಂಗಿ ಬೇಡ್ವಾ ನಿಮಗೆ?"