ಖಾಲಿ ತೊಟ್ಟಿಲು, ಕಮರ್ಷಿಯಲ್ ರೇಟು

2025ರ ಫೆಬ್ರುವರಿ 18, ಮಂಗಳವಾರ, ಬೆಳಿಗ್ಗೆ 11 ಗಂಟೆ 20 ನಿಮಿಷ.

ನಾನು ಮೆಣಸಿನಕಾಯಿ ಚೀಲಗಳ ರಾಶಿಯ ತುದಿಯಲ್ಲಿದ್ದೆ. ಎರಡು ಚೀಲ ಕೆಳಗೆ ಮಾಳಿಂಗರಾಯ. ಹೊಳೆಪ್ಪನ ಗೋಡೌನಿನ ಹಮಾಲರಿಗೆಲ್ಲ ಅವನೇ ಮುಖಂಡ. ಅವನ ಕೈಯಲ್ಲಿ ಚೀಲ ಎತ್ತುವ ಕಬ್ಬಿಣದ ಕೊಕ್ಕೆ.

ಆ ಕೊಕ್ಕೆ ನನ್ನ ಪ್ಯಾಂಟಿಗೆ ಸಿಕ್ಕಿಕೊಂಡಿತ್ತು. ಇನ್ನೊಂದಿಷ್ಟು ಒಳಗೆ ಹೋಗಿದ್ದರೆ ಮೀನಖಂಡಕ್ಕೇ!

"ಟೇಪ್ ಹೇಮ್ಯಾ! ನೀನ ಇಳೀತಿಯೋ, ನಾ ಎಳೀಬೇಕೋ?"

ಉತ್ತರ ಕೊಡೋಣವೆಂದರೆ ಸೀನು ಬರುತ್ತಿತ್ತು. ಬಾಯಿ ತೆರೆದರೆ ಮೆಣಸಿನಕಾಯಿ ಘಾಟು. ಕಣ್ಣಲ್ಲಿ ನೀರು... ಹೆದರಿ ಅಳುತ್ತಿದ್ದೇನೆ ಅಂತ ಅವನು ತಿಳಿದುಕೊಂಡಿದ್ದ. ಅರ್ಧ ನಿಜ.

ನನ್ನ ಪಕ್ಕದಲ್ಲೇ, ಮಾಡಿನ ಕಬ್ಬಿಣದ ತೊಲೆಗೆ ಒಂದು ತೊಟ್ಟಿಲು ಕಟ್ಟಿತ್ತು. ಕಲಘಟಗಿಯ ಬಣ್ಣದ ತೊಟ್ಟಿಲು. ಕೆಂಪು, ಹಳದಿ, ಬದಿಯಲ್ಲಿ ಒಂದು ನವಿಲು. ನವಿಲಿನ ಕೊಕ್ಕು ಮುರಿದಿತ್ತು.

ಗೋಡೌನಿನಲ್ಲಿ ತೊಟ್ಟಿಲು ಯಾಕೆ ಅಂತೀರಾ? ಹೇಳುತ್ತೇನೆ. ಮೊದಲು ಜೀವಸಹಿತ ಕೆಳಗಿಳಿಯಲು ಬಿಡಿ!

ತೊಟ್ಟಿಲಿನ ಅಂಚಿಗೆ ಕೈ ಇಟ್ಟೆ.

"ಮಾಳಿಂಗಣ್ಣ, ತೊಟ್ಟಿಲು ಖಾಲಿ ಐತಿ."

"ಇರ್ಲಿ. ಏನೀಗ?"

"ತೂಗಲೇನು?"

ಠಣ್! ಕೊಕ್ಕೆ ನೆಲಕ್ಕೆ ಬಿತ್ತು.

"ಏ... ಏ! ಬ್ಯಾಡೋ ಮಾರಾಯಾ! ಖಾಲಿ ತೊಟ್ಟಿಲ ತೂಗಬಾರದು! ನನ್ನ ಮಗಳು ಇನ್ನಾ ಒಂದು ತಿಂಗಳದ ಕೂಸು!"

"ಹಂಗಾದ್ರ ಮ್ಯಾಲೆ ಬಾ. ಹಗ್ಗ ಬಿಚ್ಚಾಕ ಕೈ ಹಚ್ಚು."

ನನ್ನ ಹತ್ತಿರ ಪಿಸ್ತೂಲು ಇಲ್ಲ. ಅವತ್ತು ಬೇಕಾಗಲೂ ಇಲ್ಲ.

ನಾನು ಹೇಮಂತ. ಧಾರವಾಡದಲ್ಲಿ ಬಿ.ಎಸ್ಸಿ., ಫಿಸಿಕ್ಸ್. ಗುಡಗೇರಿ ಸ್ಟೇಷನ್ನಿಗೆ ಹತ್ತಿರದ ಒಂದು ಊರಿನ ಪಂಚಾಯಿತಿಗೆ ಕಟ್ಟಡ ಅಳೆದು ಕೊಡುವುದು ನನ್ನ ಕಾಂಟ್ರ್ಯಾಕ್ಟು. ಊರಿನ ಹೆಸರು ಬೇಡ. ನಾನಿನ್ನೂ ಅಲ್ಲೇ ಬಾಳಬೇಕು.

ಎಲ್ಲ ಶುರುವಾದದ್ದು ಆ ತಿಂಗಳ ಗ್ರಾಮಸಭೆಯಲ್ಲಿ. ಮನೆಗಳ ತೆರಿಗೆ ಇಷ್ಟಕ್ಕಿಂತ ಮೇಲೆ ಏರಬಾರದು ಅಂತ ಪಂಚಾಯಿತಿ ಮಿತಿ ಹಾಕಲು ಹೊರಟಿತ್ತು. ಅಂಗಡಿ, ಗೋಡೌನುಗಳಿಗೆ ಮಿತಿ ಇಲ್ಲ. ಕಮರ್ಷಿಯಲ್ ರೇಟು.

ಹೊಳೆಪ್ಪ ಮೈಕು ಕಸಿದುಕೊಂಡ. ಮೆಣಸಿನಕಾಯಿ, ಕಡಲೆ ವ್ಯಾಪಾರಿ. ಊರಿನ ಅತಿ ದೊಡ್ಡ ಗೋಡೌನು ಅವನದು.

"ಮನಿಗೆ ಮಿತಿ ಐತಿ, ಅಂಗಡಿಗ್ಯಾಕಿಲ್ಲ? ನಾವೇನು ಪರದೇಶದಿಂದ ಬಂದೇವೇನು?"

"ನಿನಗೂ ಮಿತಿ ಹಾಕಿದ್ರ ಬೀದಿ ದೀಪ ಯಾರು ಹಚ್ಚಬೇಕೋ? ನಿಮ್ಮಪ್ಪ ಬರ್ತಾನೇನು?" ಸಾವಂತ್ರೆವ್ವ ಕೂತಲ್ಲಿಂದಲೇ ಗುಡುಗಿದಳು. ಎಪ್ಪತ್ತು ದಾಟಿದ ಮೆಂಬರು. ಅವಳಿಗೆ ಮೈಕು ಬೇಕಿಲ್ಲ.

ಪಿಡಿಓ ಅಮೃತಾ ಮೇಡಂ ಹಣೆ ಒತ್ತಿಕೊಂಡರು. "ಮನಿ ಯಾವುದು, ಅಂಗಡಿ ಯಾವುದು ಅಂತ ನಾನು ಹೆಂಗ ಗುರ್ತು ಹಿಡೀಲಿ? ಅರ್ಧ ಊರು ಮನಿಯೊಳಗ ಅಂಗಡಿ ಇಟ್ಟೈತಿ."

"ತೊಟ್ಟಿಲ ಕಟ್ಟಿದ್ದು ಮನಿ. ತಕ್ಕಡಿ ಕಟ್ಟಿದ್ದು ಅಂಗಡಿ. ಅದಕ್ಕೇನು ಓದಿರಬೇಕೇನು?" ಅಂದಳು ಸಾವಂತ್ರೆವ್ವ.

ಚಪ್ಪಾಳೆ! ಠರಾವು ಪಾಸು! ಚಹಾ ಬಂತು.

ಮರುದಿನದಿಂದ ಊರಿನ ಅಂಗಡಿಗಳಿಗೆಲ್ಲ ಮಕ್ಕಳಾದವು.

ಹಿಟ್ಟಿನ ಗಿರಣಿಯಲ್ಲಿ ತೊಟ್ಟಿಲು. ಸಿಮೆಂಟ್ ಅಂಗಡಿಯಲ್ಲಿ ತೊಟ್ಟಿಲು. ವೈನ್ ಶಾಪಿನಲ್ಲಿ, ಬಾಟಲಿಗಳ ನಡುವೆ, ಕೂಸಿನ ಜರಿ ಕುಲಾವಿ ಸಮೇತ ತೊಟ್ಟಿಲು! ಅಮೃತಾ ಮೇಡಂ ಜೊತೆ ನಾನು ಅಳೆಯುತ್ತಾ ಹೋದೆ. ಗಿರಣಿಯ ನವಿಲಿಗೆ ಕೊಕ್ಕು ಮುರಿದಿತ್ತು. ಸಿಮೆಂಟ್ ಅಂಗಡಿಯ ನವಿಲಿಗೂ. ವೈನ್ ಶಾಪಿನದಕ್ಕೂ...

ಒಂದೇ ತೊಟ್ಟಿಲು! ನಾವು ಮುಂದಿನ ಬಾಗಿಲಿಂದ ಹೊರಬೀಳುವಷ್ಟರಲ್ಲಿ ಅದು ಹಿಂದಿನ ಬಾಗಿಲಿಂದ ಮುಂದಿನ ಅಂಗಡಿಗೆ ಹೋಗುತ್ತಿತ್ತು. ಹೊಳೆಪ್ಪನ ಪಿಕಪ್ಪಿನಲ್ಲಿ.

ತೊಟ್ಟಿಲು ಹಲೀಮಾಬಿಯದು. ನಮ್ಮ ಕಡೆ ತೊಟ್ಟಿಲು ಕೇಳಿ ಬಂದವರಿಗೆ ಯಾರೂ ಇಲ್ಲ ಅನ್ನುವುದಿಲ್ಲ. ಜಾತಿ, ಜಗಳ ಯಾವುದೂ ಅಡ್ಡ ಬರುವುದಿಲ್ಲ. ತಂಗಿಯ ಮೊಮ್ಮಗುವಿಗೆ ಹೆಸರಿಡಬೇಕು, ಎರಡು ದಿನ ಕೊಡು ಅಂತ ಹೊಳೆಪ್ಪ ಕೇಳಿದ. ಹಲೀಮಾಬಿ ಒರೆಸಿ, ಹೊಸ ಹಗ್ಗ ಹಾಕಿ ಕೊಟ್ಟಳು. ಆಮೇಲೆ ಕೇಳಲು ಹೋದಾಗಲೆಲ್ಲ ಅವನದು ಒಂದೇ ಮಾತು. ನಾಳೆ.

ಅವಳದು ಒಂದೇ ಕೋಣೆ. ಅದರಲ್ಲೇ ಹೊಲಿಗೆ ಮಶಿನ್ನು, ಅದರಲ್ಲೇ ಕೈಗೂಸು ಮೊಮ್ಮಗಳು. ಆ ಮಂಗಳವಾರ ಹನ್ನೆರಡಕ್ಕೆ ಅವಳ ಮನೆಗೆ ತಪಾಸಣೆ.

"ತಮ್ಮಾ, ಬಾಗ್ಲಾಗ ನಿಂತ್ರ ಮಶಿನ್ನ ಕಾಣತೈತಿ. ತೊಟ್ಟಿಲಿಲ್ಲ ಅಂದ್ರ ಅಂಗಡಿ ಅಂತ ಬರೀತಾರ," ಅಂದಿದ್ದಳು. "ಆ ರೇಟು ನನ್ನಿಂದ ಆಗಂಗಿಲ್ಲ. ಮಶಿನ್ ಮಾರಬೇಕು. ಮಶಿನ್ ಹೋದ್ರ ಈ ಮನಿ ಹೆಂಗ ಉಳೀತೈತಿ?"

ಅಮೃತಾ ಮೇಡಂಗೆ ನವಿಲಿನ ವಿಷಯ ಹೇಳಿ ನೋಡಿದೆ. "ನವಿಲಿನ ಬಗ್ಗೆ ಠರಾವಿನಾಗ ಏನೂ ಇಲ್ಲ ಹೇಮಂತ್," ಅಂದರು.

ಹಾಗಾಗಿ ನಾನು ಚೀಲ ಹತ್ತಿದೆ.

ಈಗ ಮುಂದಕ್ಕೆ. ತೊಟ್ಟಿಲನ್ನು ಬೈಕಿನ ಹಿಂದೆ ಕಟ್ಟಿ ಕಿಕ್ ಹೊಡೆದೆ. ತಿರುವಿಗೆ ಬರುವಷ್ಟರಲ್ಲಿ ಹಾರ್ನು!

ಕನ್ನಡಿಯಲ್ಲಿ ಹೊಳೆಪ್ಪನ ಪಿಕಪ್ಪು.

"ನಿಂದ್ರಲೇ! ಕಳ್ಳ! ತೊಟ್ಟಿಲಗಳ್ಳ!"

ನನ್ನ ಕೆರಿಯರಿನಲ್ಲಿ ಇನ್ನೂ ಏನೇನು ಸೇರಬೇಕೋ!

ಗುಂಡಿ ಬಿದ್ದ ರಸ್ತೆ. ಬೈಕು ಹಾರಿದಂತೆಲ್ಲ ತೊಟ್ಟಿಲು ಅತ್ತಿತ್ತ ಅಲ್ಲಾಡಿತು. ಕಟ್ಟೆಯ ಮೇಲಿನ ಹೆಂಗಸರು ಎದೆ ಹಿಡಿದುಕೊಂಡರು.

"ಅಯ್ಯ, ಖಾಲಿ ತೊಟ್ಟಿಲ ಅಲ್ಲಾಡಾಕತ್ತೈತಿ!"

ಕಾಯಿಪಲ್ಲೆ ಮಾರುವ ರೇಣುಕವ್ವ ತಳ್ಳುಗಾಡಿ ಅಡ್ಡ ಹಾಕಿಯೇಬಿಟ್ಟಳು. ಬ್ರೇಕು!

"ಬುದ್ಧಿ ಐತೇನೋ ನಿನಗ? ಖಾಲಿ ಒಯ್ಯತಾರೇನು?" ಅಂದವಳೇ ಒಂದು ಕುಂಬಳಕಾಯಿ ಎತ್ತಿ ತೊಟ್ಟಿಲಲ್ಲಿ ಮಲಗಿಸಿದಳು. "ಹೂಂ, ಈಗ ಹೋಗು. ಮೆಲ್ಲಕ!"

ನಾನು ಸಂದಿನಲ್ಲಿ ನುಗ್ಗಿದೆ. ತಳ್ಳುಗಾಡಿ ಮತ್ತೆ ಅಡ್ಡ ಬಂತು. ಪಿಕಪ್ಪಿನ ಹಾರ್ನಿಗಿಂತ ರೇಣುಕವ್ವನ ದನಿ ದೊಡ್ಡದಿತ್ತು. "ಕೂಸಿನ ತೊಟ್ಟಿಲ ಬೆನ್ನ ಹತ್ತೀಯಲ್ಲೋ, ನಾಚಿಕಿ ಆಗೂದಿಲ್ಲ?"

ಹಲೀಮಾಬಿಯ ಬಾಗಿಲಲ್ಲಿ ಅಮೃತಾ ಮೇಡಂ ಪೆನ್ನು ತೆರೆದು ನಿಂತಿದ್ದರು. ಪಕ್ಕದಲ್ಲಿ ಸಾವಂತ್ರೆವ್ವ. ನಾನು ಕುಂಬಳಕಾಯಿ ಇಳಿಸಿದೆ. ತೊಟ್ಟಿಲು ಕಟ್ಟಿದೆ. ಹಲೀಮಾಬಿ ಮೊಮ್ಮಗಳನ್ನು ಮಲಗಿಸಿದಳು.

ಹೊಳೆಪ್ಪ ಏದುಸಿರು ಬಿಡುತ್ತಾ ಬಂದ.

"ಮೇಡಂ, ಅದು ನನ್ನ ತೊಟ್ಟಿಲ!"

"ನಿಂದೇನೋ?" ಸಾವಂತ್ರೆವ್ವ ತಿರುಗಿದಳು. "ಹಲೀಮಾಬಿ ಮಗಳನ್ನ ಇದರಾಗ ಮಲಗಿಸಿದಾಕಿ ನಾನು. ಹಲ್ಲು ಬರೂ ಮುಂದ ಆ ನವಿಲಿನ ಕೊಕ್ಕು ಕಡಿದು ಮುರದಾಕಿ ಆಕಿ!"

ಹೊಳೆಪ್ಪ ವ್ಯಾಪಾರಿ. ಒಂದು ಮಾಲು ಹೋಗದಿದ್ದರೆ ಇನ್ನೊಂದು ಹರವುತ್ತಾನೆ.

"ಆತ್ರಿ. ತೊಟ್ಟಿಲ ಆಕಿದು. ಆದ್ರ ಮಶಿನ್ ಐತಲ್ಲ? ಒಂದು ತೊಟ್ಟಿಲ ಕಟ್ಟಿ ಇಡೀ ಜಾಗಾ ಮನಿ ಅಂದ್ರ ಹೆಂಗ? ತೊಟ್ಟಿಲು ತೂಗಾಕ ಎಷ್ಟು ಬೇಕು ಅಷ್ಟ ಮನಿ! ಉಳಿದದ್ದು ಅಂಗಡಿ! ಎಲ್ಲಾರಿಗೂ ಒಂದ ನ್ಯಾಯ ಇರಬೇಕ್ರಿ!"

ಅಮೃತಾ ಮೇಡಂ ತಲೆ ಎತ್ತಿದರು. "ಎಲ್ಲಾರಿಗೂ?"

"ಎಲ್ಲಾರಿಗೂ!"

"ಬರಕೊಳ್ಳಲೇನ್ರಿ?"

"ಬರಕೋರಿ! ಸಹಿ ಹಾಕ್ತೇನಿ!"

ಹಾಕಿದ. ಹೊರಗೆ ನಿಂತವರೂ ಹೌದು ಹೌದು ಅಂದರು.

ಕೂಸು ಅತ್ತಿತು. ಹಲೀಮಾಬಿ ಮಶಿನ್ನಿನ ಮುಂದೆ ಕೂತಳು. ತೊಟ್ಟಿಲಿನ ದಾರವನ್ನು ಮಶಿನ್ನಿನ ಕಾಲು ಹಲಗೆಗೆ ಕಟ್ಟಿದಳು. ತುಳಿದಳು. ಕಟಕಟ... ಮಶಿನ್ನು ಓಡಿತು. ತೊಟ್ಟಿಲು ಗೋಡೆಯಿಂದ ಗೋಡೆಗೆ ತೂಗಿತು. ಕೂಸು ಸುಮ್ಮನಾಯಿತು.

"ತೂಗಾಕ ಮಶಿನ್ನೂ ಬೇಕು, ತುಳಿಯಾಕಿನೂ ಬೇಕು," ಅಂದಳು ಸಾವಂತ್ರೆವ್ವ. "ಅಳೀಪಾ."

ಅಳೆದೆ. ಏಳಡಿ, ಎಂಟಡಿ. ತೂಗಲು ಬೇಕಾಗದ ಜಾಗವೇ ಅಲ್ಲಿ ಇರಲಿಲ್ಲ. ಐವತ್ತಾರು ಚದರ ಅಡಿ. ಪೂರ್ತಿ ಮನೆ.

"ನಡೀರಿ," ಅಂದರು ಅಮೃತಾ ಮೇಡಂ. "ಮುಂದ ಹೊಳೆಪ್ಪನವರ ಗೋಡೌನು."

ಹೊಳೆಪ್ಪನ ಮುಖ ಮೆಣಸಿನಕಾಯಿಯಾಯಿತು. ಗೋಡೌನಿನ ತೊಲೆಯಲ್ಲಿ ಬರೀ ಗಿಡ್ಡ ಹಗ್ಗ ಜೋತಾಡುತ್ತಿತ್ತು.

"ಮುಂಜಾನಿ ತನಕ ತೊಟ್ಟಿಲ ಇತ್ರಿ! ಮಾಳಿಂಗರಾಯನ್ನ ಕೇಳ್ರಿ!"

"ಇತ್ರಿ," ಅಂದ ಮಾಳಿಂಗರಾಯ. "ಖಾಲಿ ಇತ್ತು."

ಸಾವಂತ್ರೆವ್ವ ಕತ್ತೆತ್ತಿ ತೊಲೆ ನೋಡಿದಳು. "ಇತ್ತಂತ ಹಿಡಿಯೂಣು. ಪಾಪ. ಆದ್ರ ಕೂಸನ್ನ ಅಷ್ಟು ಮ್ಯಾಲೆ ಏಣಿ ಹಚ್ಚಿ ಮಲಗಸ್ತಿದ್ದಿಯೇನೋ?"

ಯಾರದೋ ಭುಜ ತಾಗಿ ಖಾಲಿ ತೊಟ್ಟಿಲು ತೂಗಿಬಿಟ್ಟೀತು ಅಂತ ಹೊಳೆಪ್ಪನಿಗೂ ಹೆದರಿಕೆ. ಅದಕ್ಕೇ ಹಗ್ಗ ಗಿಡ್ಡ ಮಾಡಿ, ತೊಲೆಗೆ ಅಂಟಿಸಿದಂತೆ ಎತ್ತರದಲ್ಲಿ ಕಟ್ಟಿಸಿದ್ದ. ಹಗ್ಗ ಗಿಡ್ಡವಾದಷ್ಟೂ ತೂಗುವ ಜಾಗ ಕಡಿಮೆ. ನನ್ನ ಬಿ.ಎಸ್ಸಿ. ಮೊದಲ ಸಲ ಕೆಲಸಕ್ಕೆ ಬಂತು. ತೊಟ್ಟಿಲು ತರಬೇಕಾಗಲಿಲ್ಲ. ತೂಗಬೇಕಾಗಲೂ ಇಲ್ಲ. ಚೀಲ ಹತ್ತಿ ಹಗ್ಗ ಅಳೆದೆ. ಲೆಕ್ಕ ಹಾಕಿದೆ. ಸೀನಿದೆ.

"ಹೇಮಂತಪ್ಪಾ," ಹೊಳೆಪ್ಪನ ದನಿ ಬೆಣ್ಣೆಯಾಗಿತ್ತು. "ಸ್ವಲ್ಪ ಉದಾರ ಮನಸ್ಸು ಮಾಡಪಾ..."

ಮಾಡಿದೆ. ಅರ್ಧ ಅಡಿ ಹೆಚ್ಚಿಗೇ ಹಿಡಿದೆ.

ನಾಲ್ಕು ಸಾವಿರದ ಎಂಟುನೂರು ಚದರ ಅಡಿಯ ಆ ಕಟ್ಟಡದಲ್ಲಿ ಹೊಳೆಪ್ಪನ ಮನೆ: ಹದಿನೆಂಟು ಚದರ ಅಡಿ.