ಕಾವಿ ಕೆಂಪಾಯಿತು

"ಇದಾ, ಅದಾ? ಬೇಗ ಹೇಳ್ರಮ್ಮ, ಬಸ್ಸು ಹೊರಟ್ಬಿಡ್ತದೆ," ಎಂದರು ಅಪ್ಪ ಪಂಚಾಕ್ಷರಪ್ಪ.

ಕಡೂರಿನ ಕಂಪ್ಯೂಟರ್ ಅಂಗಡಿಯ ಮೇಜಿನ ಮೇಲೆ ಎರಡು ಲ್ಯಾಪ್‌ಟಾಪ್ ತೆರೆದಿಟ್ಟಿದ್ದರು. ಹಿರಿಮಗಳು ಯಶೋದಾ ಒಮ್ಮೆ ಇದನ್ನು, ಒಮ್ಮೆ ಅದನ್ನು ನೋಡುತ್ತಿದ್ದಳು. ಅವಳು ಡಿಸೈನ್ ಕೋರ್ಸ್ ಮುಗಿಸಿದ್ದಳು. ಹಿರೇನಲ್ಲೂರಿನ ಮನೆಯಲ್ಲೇ ಕೂತು ಬ್ಯಾನರ್ ಮಾಡಿಕೊಡು ಎಂದು ಕಡೂರಿನ ಫ್ಲೆಕ್ಸ್ ಅಂಗಡಿಯ ರುದ್ರಮೂರ್ತಿ ಕೆಲಸ ಒಪ್ಪಿಸಿದ್ದರು. ಲ್ಯಾಪ್‌ಟಾಪ್ ಬೇಕಾಗಿದ್ದು ಅದಕ್ಕೇ.

ಅಂಗಡಿಯ ಶಶಿಧರ ಬಿಡಿಸಿ ಹೇಳಿದರು. "ಎರಡ್ರಲ್ಲೂ ಪ್ರೊಸೆಸರ್ ಒಂದೇ. ಇದ್ರಲ್ಲಿ ಗ್ರಾಫಿಕ್ಸ್ ಕಾರ್ಡ್ ಜೋರಾಗಿ ಅದೆ, ಸ್ಕ್ರೀನ್ ಬಣ್ಣ ಸ್ವಲ್ಪ ಸಪ್ಪೆ. ಅದ್ರಲ್ಲಿ ಕಾರ್ಡ್ ಚಿಕ್ಕದು, ಬಣ್ಣ ಮಾತ್ರ ಇದ್ದದ್ದು ಇದ್ದಂಗೆ ಕಾಣ್ತದೆ. ಎರಡೂ ಚೆನ್ನಾಗಿರೋದು ನಿಮ್ಮ ಬಜೆಟ್ಟಿಗೆ ಬರಲ್ಲ." ಅಷ್ಟರಲ್ಲಿ ಫೋನ್ ಬಂತು. ಅವರು ಮಾತಾಡುತ್ತಾ ಹೊರಗೆ ಹೋದರು.

ಅಪ್ಪ ಚಿಕ್ಕ ಮಗಳು ಮಧುಶ್ರೀ ಕಡೆ ತಿರುಗಿದರು. "ನೀನೇ ಹೇಳಮ್ಮ. ದಿನಾ ಮೊಬೈಲಲ್ಲಿ ಇದ್ನೇ ನೋಡ್ತೀಯಲ್ಲ."

ಅದು ನಿಜ. ಆರನೇ ಕ್ಲಾಸಿನ ಮಧುವಿಗೆ ಮನೆಯಲ್ಲಿ ಉಪ್ಪಿನ ಡಬ್ಬ ಎಲ್ಲಿದೆ ಅಂತ ಗೊತ್ತಿರಲಿಲ್ಲ. ಯಾವ ಕಾರ್ಡಿದ್ದರೆ ಯಾವ ಗೇಮ್ ಓಡುತ್ತದೆ ಅಂತ ಕೇಳಿದರೆ ಮಾತ್ರ ನಿದ್ದೆಗಣ್ಣಲ್ಲೂ ಹೇಳುತ್ತಿದ್ದಳು. ಅವಳು ಆಡಬೇಕೆಂದಿದ್ದ ಕಾರ್ ರೇಸ್ ಗೇಮ್ ಚಿಕ್ಕ ಕಾರ್ಡಿನಲ್ಲಿ ಸಿಕ್ಕಿಕೊಂಡು ಸಿಕ್ಕಿಕೊಂಡು ಓಡುತ್ತದೆ ಅಂತಲೂ ಗೊತ್ತಿತ್ತು.

"ಬಣ್ಣ ಸರಿ ಇರ್ಬೇಕಲ್ವೇನೇ ನಂಗೆ?" ಎಂದಳು ಯಶೋದಾ.

"ಬ್ರೈಟ್‌ನೆಸ್ ಜಾಸ್ತಿ ಮಾಡಿದ್ರೆ ಸರಿ ಹೋಗುತ್ತೆ, ಅಕ್ಕ. ಗ್ರಾಫಿಕ್ಸ್ ಕೆಲ್ಸಕ್ಕೆ ಗ್ರಾಫಿಕ್ಸ್ ಕಾರ್ಡೇ ಮುಖ್ಯ."

ಹೇಳುವಾಗ ಮಧು ಅಕ್ಕನ ಮುಖ ನೋಡಲಿಲ್ಲ. ಬೆಳಕು ಹೆಚ್ಚು ಮಾಡಿದರೆ ಬಣ್ಣ ಸರಿಯಾಗುವುದಿಲ್ಲ ಅಂತ ವಿಡಿಯೋದಲ್ಲಿ ಹೇಳಿದ್ದನ್ನು ಅವಳು ಕೇಳಿದ್ದಳು. ಆದರೆ ಅಕ್ಕ ನಂಬಿದಳು. ಅಪ್ಪನೂ ನಂಬಿದರು. ದೊಡ್ಡ ಕಾರ್ಡಿನದನ್ನೇ ಕೊಂಡರು.

ಆಮೇಲಿನ ದಿನಗಳು ಬಲು ಚೆನ್ನಾಗಿದ್ದವು. ಸ್ಕೂಲಿಂದ ಬಂದವಳೇ ಮಧು ಬ್ಯಾಗ್ ಎಸೆದು ಗೇಮಿಗೆ ಕೂತುಬಿಡುತ್ತಿದ್ದಳು. ಸ್ವಲ್ಪ ಹೊತ್ತಿಗೆ ಅಕ್ಕ ಬಂದು ಬೆನ್ನಿಗೊಂದು ಗುದ್ದು ಕೊಟ್ಟು, "ಏಳೇ, ನಂಗೆ ಕೆಲ್ಸ ಅದೆ," ಅನ್ನುತ್ತಿದ್ದಳು. ಮಧು ಗೊಣಗುತ್ತಾ ಏಳುತ್ತಿದ್ದಳು.

ಅಕ್ಕನಿಗೆ ಸಿಕ್ಕ ಮೊದಲ ದೊಡ್ಡ ಕೆಲಸ ಅವರ ಊರಿನದೇ. ಹೊಸ ಲೈಬ್ರರಿ ತೆರೆಯಲು ಮಠದ ಸ್ವಾಮಿಗಳು ಬರುವವರಿದ್ದರು. ಅವರ ಫೋಟೋ ಹಾಕಿ ಸ್ವಾಗತದ ಫ್ಲೆಕ್ಸ್ ಆಗಬೇಕಿತ್ತು.

"ಕಾವಿ ಯಾಕೋ ಮಂಕಾಗಿ ಕಾಣ್ತದಲ್ಲೇ," ಎಂದು ಅಕ್ಕ ಬಣ್ಣ ಸ್ವಲ್ಪ ಏರಿಸಿದಳು. ಬ್ರೈಟ್‌ನೆಸ್ ಪೂರ್ತಿ ಇಟ್ಟು ಇನ್ನೂ ಸ್ವಲ್ಪ ಏರಿಸಿದಳು. "ಈಗ ಸರಿ ಹೋಯ್ತು ನೋಡು."

ಪಕ್ಕದಲ್ಲೇ ಇದ್ದ ಮಧು ಬಾಯಿ ತೆರೆದಳು. ಹೇಳಿದರೆ ಲ್ಯಾಪ್‌ಟಾಪ್ ವಾಪಸ್ ಕೊಟ್ಟುಬಿಟ್ಟರೆ ಅನ್ನಿಸಿತು. "ಹ್ಞೂಂ, ಚೆನ್ನಾಗಿದೆ," ಅಂದುಬಿಟ್ಟಳು.

ಬಸ್ ಸ್ಟ್ಯಾಂಡಿನ ಹತ್ತಿರ ಫ್ಲೆಕ್ಸ್ ಕಟ್ಟಿದಾಗ ನಿಂತವರೆಲ್ಲ ಮುಖ ಮುಖ ನೋಡಿಕೊಂಡರು. ಸ್ವಾಮಿಗಳ ಕಾವಿ ಕಡುಕೆಂಪಾಗಿತ್ತು. ಮುಖವೂ ಬಿಸಿಲಲ್ಲಿ ಬೆಂದಂತೆ ಕೆಂಪಾಗಿತ್ತು.

"ಸ್ವಾಮಿಗಳು ಯಾವತ್ತು ಕೆಂಪು ಉಟ್ಟಿದ್ರು? ಇದ್ರ ಕೆಳಗೆ ಅವ್ರನ್ನ ಕರ್ಕೊಂಡು ಬರಾದಾ? ಬಿಚ್ರಪ್ಪ," ಎಂದರು ಊರಿನ ಹಿರಿಯರೊಬ್ಬರು. ಯಾರೂ ಜೋರಾಗಿ ಬೈಯಲಿಲ್ಲ. ಸುಮ್ಮನೆ ಹಗ್ಗ ಬಿಚ್ಚಿದರು. ಅಪ್ಪ ತಲೆ ತಗ್ಗಿಸಿ ನಿಂತಿದ್ದರು.

ಫ್ಲೆಕ್ಸ್ ತಂದಿದ್ದ ರುದ್ರಮೂರ್ತಿ ಯಶೋದಾಳನ್ನು ಪಕ್ಕಕ್ಕೆ ಕರೆದರು. "ಬೇಜಾರು ಮಾಡ್ಕೋಬೇಡಮ್ಮ. ಇನ್ಮೇಲೆ ಮನೆಗೆ ಕೆಲ್ಸ ಕೊಡಾಕೆ ನಂಗೆ ಧೈರ್ಯ ಇಲ್ಲ. ಅಂಗಡೀಲಿ ಕೂತು ಮಾಡೋಕೆ ಆಗ್ಲೇ ಜನ ಅವ್ರೆ."

"ನಂದೇ ತಪ್ಪು ಸಾರ್. ಬಣ್ಣ ನಾನೇ ಏರಿಸಿದ್ದು," ಎಂದಳು ಯಶೋದಾ.

ಹತ್ತಿರದಲ್ಲೇ ನಿಂತಿದ್ದ ಮಧುವಿಗೆ ಅದು ಕೇಳಿಸಿತು. ಮನೆಗೆ ಬಂದ ಮೇಲೆ ಅಡುಗೆಮನೆಯ ಬಾಗಿಲಲ್ಲಿ ನಿಂತು ಹೇಳಿಯೇಬಿಟ್ಟಳು. "ಅಕ್ಕ, ಬ್ರೈಟ್‌ನೆಸ್ ಏರಿಸಿದ್ರೆ ಬಣ್ಣ ಸರಿ ಹೋಗಲ್ಲ. ಅಂಗಡೀಲೇ ನಂಗೆ ಗೊತ್ತಿತ್ತು. ಗೇಮಿಗೋಸ್ಕರ ಹಂಗಂದೆ."

ಯಶೋದಾ ಹಿಟ್ಟು ನಾದುವುದನ್ನು ನಿಲ್ಲಿಸಿದಳು. ಈಗ ಬೈಯುತ್ತಾಳೆ ಅಂದುಕೊಂಡಳು ಮಧು. ಬೈದರೆ ಚೆನ್ನಾಗಿತ್ತು.

"ಆಮೇಲಾದ್ರೂ ಹೇಳ್ಬೋದಿತ್ತಲ್ಲೇ," ಎಂದಳು ಅಕ್ಕ. "ಪ್ರಿಂಟಿಗೆ ಮುಂಚೆ ಕಡೂರಿಗೆ ಹೋಗಿ ಫ್ಲೆಕ್ಸ್ ಅಂಗಡಿ ಕಂಪ್ಯೂಟರಲ್ಲಿ ಒಂದ್ಸಲ ನೋಡ್ಕೊಂಡು ಬತ್ತಿದ್ದೆ. ಅಷ್ಟೇ ಸಾಕಿತ್ತು."

ಮಧು ಒಳಗೆ ಬಂದು ಹಿಟ್ಟಿನ ಪಾತ್ರೆಯ ಪಕ್ಕ ಕೂತಳು.

"ಹೋಗು, ಆಡ್ಕೋ ಹೋಗು," ಎಂದು ಅಕ್ಕ ಮತ್ತೆ ಹಿಟ್ಟಿಗೆ ಕೈ ಹಾಕಿದಳು. ಅವಳ ಮಾತಿನಲ್ಲಿ ಸಿಟ್ಟೇ ಇರಲಿಲ್ಲ.

ಮಧು ಲ್ಯಾಪ್‌ಟಾಪ್ ಮುಂದೆ ಕೂತಳು. ಕಾರು ಎಲ್ಲೂ ಸಿಕ್ಕಿಕೊಳ್ಳದೆ ಓಡಿತು. ಒಂದು ರೇಸ್ ಮುಗಿಯಿತು, ಇನ್ನೊಂದೂ ಮುಗಿಯಿತು. ಅವಳು ಆಗಾಗ ಅಡುಗೆಮನೆ ಕಡೆ ತಿರುಗಿ ನೋಡಿದಳು. ಅಕ್ಕ ಬಂದು ಏಳು ಅನ್ನಲಿಲ್ಲ. ಇನ್ನು ಎಷ್ಟು ಹೊತ್ತು ಬೇಕಾದರೂ ಆಡಬಹುದಿತ್ತು.